ಬಿಸಿಯೇರಿ ನಿಧಾನವಾಗುವ ಲ್ಯಾಪ್‌ಟಾಪಿಗೆ ಯಾವ ಪರಿಹಾರ? ಒಂದು ಹೋಲಿಕೆ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ, ರಾಯಚೂರು ಕಡೆ ಮಧ್ಯಾಹ್ನದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸ ಸಂಗತಿಯಲ್ಲ. ಲ್ಯಾಪ್‌ಟಾಪಿನ ಫ್ಯಾನು ಕೋಣೆಯ ಗಾಳಿಯನ್ನೇ ಒಳಗೆಳೆದು, ಅದರ ಮೂಲಕವೇ ಚಿಪ್‌ನ (ಮುಖ್ಯ ಪ್ರೊಸೆಸರ್‌ನ) ಶಾಖವನ್ನು ಹೊರಗೆ ಸಾಗಿಸುವುದರಿಂದ, ಕೋಣೆಯ ಬಿಸಿ ಎಷ್ಟು ಏರುತ್ತದೆಯೋ ಚಿಪ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 27 ಡಿಗ್ರಿಯ ಕೋಣೆಯಲ್ಲಿ ಒಂದು ಕೆಲಸಕ್ಕೆ 85 ಡಿಗ್ರಿ ತಲುಪುವ ಚಿಪ್, 40 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ 98 ಡಿಗ್ರಿಯ ಹತ್ತಿರ ಬಂದು ನಿಲ್ಲುತ್ತದೆ. ಇಂಟೆಲ್‌ನ ಬಹುಪಾಲು ಲ್ಯಾಪ್‌ಟಾಪ್ ಚಿಪ್‌ಗಳಿಗೆ 100 ಡಿಗ್ರಿಯೂ, ಎಎಂಡಿಯ ರೈಜೆನ್ ಚಿಪ್‌ಗಳಿಗೆ ಮಾದರಿಗೆ ತಕ್ಕಂತೆ 95ರಿಂದ 105 ಡಿಗ್ರಿಯೂ ಮೇಲ್ಮಿತಿಯಾಗಿರುತ್ತದೆ. ಆ ಮಿತಿ ಮುಟ್ಟಿದೊಡನೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಥರ್ಮಲ್ ಥ್ರಾಟ್ಲಿಂಗ್ ಎನ್ನುವುದು ಇದನ್ನೇ.

ಇದಕ್ಕೆ ಪರಿಹಾರಗಳು ಹಲವು: ಯಂತ್ರದ ಕೆಳಗಿಡುವ ಫ್ಯಾನಿನ ಕೂಲಿಂಗ್ ಪ್ಯಾಡ್, ಒಳಗಿನ ಧೂಳು ತೆಗೆಸುವುದು, ಚಿಪ್‌ನಿಂದ ಶಾಖ ದಾಟಿಸುವ ಹೊಸ ಥರ್ಮಲ್ ಪೇಸ್ಟ್, ಚಿಪ್‌ನ ಅಲ್ಪಕಾಲದ ಹೆಚ್ಚುವರಿ ವೇಗವಾದ ಟರ್ಬೊ ನಿಲ್ಲಿಸುವುದು, ಅಂಡರ್‌ವೋಲ್ಟ್ ಮಾಡುವುದು (ಚಿಪ್‌ಗೆ ಕೊಡುವ ವೋಲ್ಟೇಜ್ ಇಳಿಸುವುದು), ಕೊನೆಗೆ ಹೊಸ ಯಂತ್ರ ಕೊಳ್ಳುವುದು. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವ ಮುನ್ನ, ನಮ್ಮ ಯಂತ್ರದಲ್ಲಿ ಶಾಖದ ದಾರಿ ಎಲ್ಲಿ ಕಟ್ಟಿಕೊಂಡಿದೆ ಎಂದು ಕೇಳಬೇಕು. ಚಿಪ್‌ನಲ್ಲಿ ಹುಟ್ಟಿದ ಶಾಖ ಪೇಸ್ಟ್ ದಾಟಿ ತಾಮ್ರದ ಕೊಳವೆಗೆ ಸೇರಬೇಕು, ಅಲ್ಲಿಂದ ತೆಳುವಾದ ಲೋಹದ ಹಲ್ಲುಗಳಿಗೆ ಹರಿಯಬೇಕು, ಫ್ಯಾನಿನ ಗಾಳಿಯೊಡನೆ ಹೊರಬೀಳಬೇಕು. ಒಂದೊಂದು ಪರಿಹಾರವೂ ಈ ದಾರಿಯ ಒಂದೊಂದು ಕಡೆ ಮಾತ್ರ ಕೆಲಸ ಮಾಡುತ್ತದೆ. ಪೇಸ್ಟ್ ಒಣಗಿದ ಯಂತ್ರಕ್ಕೆ ಕೂಲಿಂಗ್ ಪ್ಯಾಡ್ ತಂದಿಟ್ಟರೆ ಹಣ ಹೋಗುತ್ತದೆಯೇ ಹೊರತು ಬಿಸಿ ಹೋಗುವುದಿಲ್ಲ.

ಮೊದಲು ಅಳೆಯಬೇಕಾದದ್ದು

ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೊ, ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಎಂಬ ಉಚಿತ ತಂತ್ರಾಂಶಗಳು ಚಿಪ್‌ನ ಕೋರ್‌ಗಳ (ಒಳಗಿನ ಲೆಕ್ಕದ ಘಟಕಗಳ) ಬಿಸಿಯನ್ನೂ, ಅನೇಕ ಯಂತ್ರಗಳಲ್ಲಿ ಫ್ಯಾನಿನ ಸುತ್ತುಗಳನ್ನೂ ತೋರಿಸುತ್ತವೆ; ಎಚ್‌ಡಬ್ಲ್ಯೂಇನ್ಫೊ ವೇಗವನ್ನೂ ತೋರಿಸುತ್ತದೆ. ಇವುಗಳಲ್ಲಿ ಒಂದನ್ನು ತೆರೆದಿಟ್ಟು, ಎಲ್ಲ ಕೋರ್‌ಗಳಿಗೂ ಕೆಲಸ ಕೊಡುವ ಯಾವುದಾದರೂ ಭಾರದ ಕೆಲಸವನ್ನು 15 ನಿಮಿಷ ನಡೆಸಿ, ಬಿಸಿ ಏರುವ ರೀತಿಯನ್ನು ನೋಡಬೇಕು. ಏರುವ ರೀತಿಯಲ್ಲೇ ರೋಗದ ಹೆಸರು ಇರುತ್ತದೆ ಎಂಬುದು ನನ್ನ ಅನುಭವ.

ಕೆಲಸ ಶುರುವಾದ ಒಂದೆರಡು ಕ್ಷಣದಲ್ಲೇ ಬಿಸಿ 50ರಿಂದ 95ಕ್ಕೆ ನೆಗೆದರೆ, ಶಾಖ ಚಿಪ್‌ನಿಂದ ಕೊಳವೆಗೆ ದಾಟುತ್ತಿಲ್ಲ ಎಂದೇ ಮೊದಲು ಅನುಮಾನಿಸಬೇಕು. ತಪ್ಪು ಪೇಸ್ಟ್‌ನದ್ದು, ಇಲ್ಲವೇ ಹೀಟ್‌ಸಿಂಕ್ (ಚಿಪ್ ಮೇಲೆ ಕೂರುವ ತಾಮ್ರದ ತಟ್ಟೆ, ಕೊಳವೆ, ಹಲ್ಲುಗಳ ಜೋಡಣೆ) ಸರಿಯಾಗಿ ಕೂತಿಲ್ಲ. ಹಾಗಿದ್ದಾಗ ಹೊರಬೀಳುವ ಗಾಳಿ ಹೆಚ್ಚು ಬಿಸಿಯಾಗಿರುವುದಿಲ್ಲ, ಏಕೆಂದರೆ ಶಾಖ ಅಲ್ಲಿಗೆ ಬಂದೇ ಇಲ್ಲ. ಒಂದು ಕೋರ್‌ಗೂ ಇನ್ನೊಂದಕ್ಕೂ 15 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೂ ಇದೇ ಅನುಮಾನ ಬಲವಾಗುತ್ತದೆ. ಬಿಸಿ ನಿಧಾನವಾಗಿ, ನಾಲ್ಕೈದು ನಿಮಿಷ ತೆಗೆದುಕೊಂಡು ಏರುತ್ತಾ ಹೋಗಿ ಮಿತಿ ಮುಟ್ಟಿದರೆ, ಫ್ಯಾನು ಜೋರಾಗಿ ಸದ್ದು ಮಾಡುತ್ತಿದ್ದರೂ ಹೊರಬರುವ ಗಾಳಿ ಬಡಕಲಾಗಿದ್ದರೆ, ಹಲ್ಲುಗಳ ನಡುವೆ ಧೂಳು ಕೂತಿದೆ ಎಂದು ತಿಳಿಯಬಹುದು.

ಮೂರನೆಯ ಸಾಧ್ಯತೆಯನ್ನು ಬಹಳ ಮಂದಿ ಮರೆಯುತ್ತಾರೆ. ಬಿಸಿ 70 ಡಿಗ್ರಿಯಷ್ಟೇ ಇದ್ದು ವೇಗ ಮಾತ್ರ ಪಾತಾಳಕ್ಕೆ ಇಳಿದಿದ್ದರೆ ಅದು ಶಾಖದ ತೊಂದರೆಯೇ ಅಲ್ಲ. 65 ವ್ಯಾಟ್ ಬೇಡುವ ಯಂತ್ರಕ್ಕೆ 45 ವ್ಯಾಟ್‌ನ ಚಾರ್ಜರ್ ಚುಚ್ಚಿದಾಗ, ಯಂತ್ರ ಗುರುತಿಸಲಾಗದ ಬದಲಿ ಚಾರ್ಜರ್ ಬಳಸಿದಾಗ, ಬ್ಯಾಟರಿ ಸೋತಾಗ, ಇಲ್ಲವೇ ಚಿಪ್‌ಗೆ ವಿದ್ಯುತ್ ಒದಗಿಸುವ ಭಾಗಗಳು ಕಾದಾಗಲೂ ವೇಗ ಕುಸಿಯುತ್ತದೆ. ಕೆಲವೊಮ್ಮೆ 1 ಗಿಗಾಹರ್ಟ್ಸ್‌ಗಿಂತ ಕೆಳಗೆ ಬಂದು ಅಲ್ಲೇ ಅಂಟಿಕೊಳ್ಳುತ್ತದೆ. ಥ್ರಾಟಲ್‌ಸ್ಟಾಪ್ ಎಂಬ ಉಚಿತ ತಂತ್ರಾಂಶದಲ್ಲಿ ವೇಗ ತಗ್ಗಿದ ಕಾರಣಗಳನ್ನು ತೋರಿಸುವ ಕಿಟಕಿಯೊಂದಿದೆ: ಈಗ ಅಡ್ಡ ಬಂದಿರುವ ಮಿತಿ ಕೆಂಪಾಗಿಯೂ, ಹಿಂದೆ ಅಡ್ಡ ಬಂದು ಹೋದದ್ದು ಹಳದಿಯಾಗಿಯೂ ಕಾಣುತ್ತದೆ. ಇಂಟೆಲ್ ಚಿಪ್ ಇರುವವರು ಯಾವ ಖರ್ಚು ಮಾಡುವ ಮೊದಲೂ ಇದನ್ನೊಮ್ಮೆ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ವೇಗ ಇಳಿದದ್ದೆಲ್ಲ ದೋಷವೂ ಅಲ್ಲ. 2017ರಲ್ಲಿ ಬಂದು ಇಂದಿಗೂ ಸಾವಿರಾರು ಮನೆಗಳಲ್ಲಿ ದುಡಿಯುತ್ತಿರುವ ಇಂಟೆಲ್ ಕೋರ್ ಐ5-8250ಯು ಚಿಪ್ ಅನ್ನೇ ತೆಗೆದುಕೊಳ್ಳಿ. ಅದಕ್ಕೆ ಹಿಂದಿನ ಐ5-7200ಯುನಲ್ಲಿ ಎರಡು ಕೋರ್‌ಗಳಿದ್ದವು. ಇದರಲ್ಲಿ ನಾಲ್ಕಾದವು, ಆದರೆ ತಯಾರಕರು ಹೇಳುವ ವಿದ್ಯುತ್ ಬಳಕೆ 15 ವ್ಯಾಟ್ ಆಗಿಯೇ ಉಳಿಯಿತು. ಅದರ ಮೂಲ ವೇಗ 1.6 ಗಿಗಾಹರ್ಟ್ಸ್, ಟರ್ಬೊ ವೇಗ 3.4 ಗಿಗಾಹರ್ಟ್ಸ್. ಟರ್ಬೊ ಎನ್ನುವುದು ಅಲ್ಪಕಾಲದ ಓಟ. ಅರ್ಧ ನಿಮಿಷದಷ್ಟು ಹೊತ್ತು ಚಿಪ್ 15 ವ್ಯಾಟ್‌ಗಿಂತ ಎಷ್ಟೋ ಹೆಚ್ಚು ವಿದ್ಯುತ್ ಎಳೆದು ಓಡುತ್ತದೆ, ಆಮೇಲೆ ದೀರ್ಘಾವಧಿಯ ಮಿತಿಗೆ ಇಳಿಯುತ್ತದೆ. ಹೀಗೆ 3.4ರಿಂದ 2.4ಕ್ಕೆ ಬಂದರೆ ಯಂತ್ರ ಹೇಳಿದಂತೆ ನಡೆಯುತ್ತಿದೆ ಎಂದೇ ಅರ್ಥ. 1.6ಕ್ಕಿಂತ ಕೆಳಗೆ ಬಂದಾಗ ಮಾತ್ರ ರಿಪೇರಿಯ ಮಾತು ಬರುತ್ತದೆ.

ಸ್ಕ್ರೂಡ್ರೈವರ್ ಮುಟ್ಟದೆ ಮಾಡಬಹುದಾದದ್ದು

ಖರ್ಚಿಲ್ಲದ ದಾರಿಗಳಲ್ಲಿ ಮೊದಲನೆಯದು ಬಯೋಸ್, ಅಂದರೆ ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶದ (ಫರ್ಮ್‌ವೇರ್‌ನ) ನವೀಕರಣ. 2018ರ ಜುಲೈನಲ್ಲಿ ಕೋರ್ ಐ9 ಚಿಪ್‌ನ ಹೊಸ ಮ್ಯಾಕ್‌ಬುಕ್ ಪ್ರೊ ಮೂಲ ವೇಗಕ್ಕಿಂತಲೂ ಕೆಳಗಿಳಿಯುತ್ತಿದೆ ಎಂಬ ದೂರು ಬಂದಾಗ, ಶಾಖ ನಿರ್ವಹಣೆಯ ಫರ್ಮ್‌ವೇರ್‌ನಲ್ಲಿ ಡಿಜಿಟಲ್ ಕೀಲಿಯೊಂದು ಬಿಟ್ಟುಹೋಗಿತ್ತೆಂದು ಆಪಲ್ ಒಪ್ಪಿಕೊಂಡು, ಕೆಲವೇ ದಿನಗಳಲ್ಲಿ ನವೀಕರಣದ ಮೂಲಕ ಸರಿಪಡಿಸಿತು. ಹೀಗೆ ಯಂತ್ರದ ದೋಷದಂತೆ ಕಾಣುವುದು ತಂತ್ರಾಂಶದ್ದೂ ಆಗಿರಬಹುದು. ಆದರೆ ಬಯೋಸ್ ಬದಲಿಸುವಾಗ ಕರೆಂಟು ಹೋಗಬಾರದು. ಬ್ಯಾಟರಿ ತುಂಬಿ, ಚಾರ್ಜರ್ ಹಾಕಿಯೇ ಮಾಡಬೇಕು.

ಎರಡನೆಯದು ಟರ್ಬೊ ನಿಲ್ಲಿಸುವುದು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು 100ರಿಂದ 99 ಶೇಕಡಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ಪೂರ್ತಿ ನಿಲ್ಲುತ್ತದೆ, ಬಿಸಿ ಎದ್ದು ಕಾಣುವಷ್ಟು ಇಳಿಯುತ್ತದೆ. ಟೈಪಿಂಗ್, ಬ್ರೌಸರ್, ಆನ್‌ಲೈನ್ ತರಗತಿ ಇಷ್ಟೇ ಕೆಲಸವಿರುವ ವಿದ್ಯಾರ್ಥಿಗೆ, ಶಿಕ್ಷಕರಿಗೆ ಬೇಸಿಗೆಯ ಎರಡು ತಿಂಗಳ ಮಟ್ಟಿಗೆ ಇದೇ ಸಾಕು. ಆದರೆ ಇದು ಒರಟು ಉಪಾಯ. 3.4 ಗಿಗಾಹರ್ಟ್ಸ್ ತಲುಪಬಲ್ಲ ಚಿಪ್ ಅನ್ನು 1.6ರಲ್ಲಿ ಕಟ್ಟಿಹಾಕಿದಂತಾಗುತ್ತದೆ; ಫೋಟೊ, ವಿಡಿಯೊ ಸಂಪಾದಿಸುವವರು, ಕೋಡ್ ಬರೆಯುವವರು ಒಂದೇ ದಿನದಲ್ಲಿ ಬೇಸರಪಡುತ್ತಾರೆ.

ಅವರಿಗೆ ವಿದ್ಯುತ್ ಮಿತಿ ಇಳಿಸುವ ದಾರಿ ಮೇಲು. ಇಂಟೆಲ್ ಯಂತ್ರಗಳಲ್ಲಿ ಥ್ರಾಟಲ್‌ಸ್ಟಾಪ್, ರೈಜೆನ್ ಯಂತ್ರಗಳಲ್ಲಿ ರೈಜೆನ್‌ಎಡಿಜೆ, ಇಲ್ಲವೇ ತಯಾರಕರೇ ಕೊಟ್ಟ ತಂತ್ರಾಂಶದ ನಿಶ್ಶಬ್ದ ಅಥವಾ ಸಮತೋಲನದ ಆಯ್ಕೆ ಇದನ್ನು ಮಾಡುತ್ತದೆ. ಚಿಪ್ ತನ್ನ ವೇಗದ ಕೊನೆಯ ಕೆಲವು ಮೆಗಾಹರ್ಟ್ಸ್‌ಗಳಿಗಾಗಿ ವೋಲ್ಟೇಜನ್ನು ಬಹಳ ಏರಿಸಿಕೊಳ್ಳುತ್ತದೆ. ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಶಾಖದ ದೊಡ್ಡ ಪಾಲು ಆ ತುದಿಯಲ್ಲೇ ಹುಟ್ಟುತ್ತದೆ. ಆದ್ದರಿಂದ ಮಿತಿಯನ್ನು ಕಾಲುಭಾಗ ತಗ್ಗಿಸಿದರೂ ವೇಗ ಕಾಲುಭಾಗ ತಗ್ಗುವುದಿಲ್ಲ, ಅದಕ್ಕಿಂತ ಕಡಿಮೆಯೇ ತಗ್ಗುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ, 100 ಡಿಗ್ರಿ ಮುಟ್ಟಿ ಕುಸಿದು ಮತ್ತೆ ಏರುವ ಓಲಾಟ ನಿಂತು ವೇಗ ಒಂದೇ ಸಮನಾಗಿರುತ್ತದೆ. ಆಟ ಆಡುವವರು ಸೆಕೆಂಡಿಗೆ ಮೂಡುವ ಫ್ರೇಮ್‌ಗಳ (ಚಿತ್ರಗಳ) ಸಂಖ್ಯೆಯನ್ನು ಪರದೆ ತೋರಿಸಬಲ್ಲಷ್ಟಕ್ಕೆ, ಅಂದರೆ 60 ಹರ್ಟ್ಸ್‌ನ ಪರದೆಗೆ 60ಕ್ಕೆ ಕಟ್ಟಬೇಕು. ಗ್ರಾಫಿಕ್ಸ್ ಚಿಪ್ ಮತ್ತು ಮುಖ್ಯ ಚಿಪ್ ಅನೇಕ ಯಂತ್ರಗಳಲ್ಲಿ ಒಂದೇ ತಾಮ್ರದ ಕೊಳವೆಗಳನ್ನು ಹಂಚಿಕೊಳ್ಳುವುದರಿಂದ ಒಂದು ತಣ್ಣಗಾದರೆ ಇನ್ನೊಂದಕ್ಕೂ ಜಾಗ ಸಿಗುತ್ತದೆ.

ಅಂಡರ್‌ವೋಲ್ಟ್ ಇದಕ್ಕೂ ಸೊಗಸಾದ ಉಪಾಯ, ಏಕೆಂದರೆ ಅದರಲ್ಲಿ ವೇಗ ಬಿಟ್ಟುಕೊಡಬೇಕಾಗಿಯೇ ಇಲ್ಲ. 1 ವೋಲ್ಟ್‌ನಲ್ಲಿ ನಡೆಯುವ ಚಿಪ್ ಅನ್ನು ಅದೇ ವೇಗದಲ್ಲಿ 0.9 ವೋಲ್ಟ್‌ನಲ್ಲಿ ನಡೆಸಲಾದರೆ, ಲೆಕ್ಕದ ಪ್ರಕಾರ ಕೆಲಸ ಮಾಡುವಾಗಿನ ಅದರ ವಿದ್ಯುತ್ ಬಳಕೆ ಶೇಕಡ 19ರಷ್ಟು ಇಳಿಯುತ್ತದೆ. ಆದರೆ ಈ ಬಾಗಿಲು ಈಗ ಹೆಚ್ಚಿನವರಿಗೆ ಮುಚ್ಚಿದೆ. ವೋಲ್ಟೇಜನ್ನು ಬೇಕೆಂದೇ ಇಳಿಸಿ ಚಿಪ್‌ನ ಸುರಕ್ಷಿತ ಭಾಗದಿಂದ ರಹಸ್ಯ ಕದಿಯಬಹುದೆಂದು ತೋರಿಸಿದ ಪ್ಲಂಡರ್‌ವೋಲ್ಟ್ ದೋಷ 2019ರ ಡಿಸೆಂಬರ್‌ನಲ್ಲಿ ಬಯಲಾಯಿತು. ಆ ಬಳಿಕ ತಯಾರಕರು ಬಯೋಸ್ ನವೀಕರಣಗಳ ಮೂಲಕ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಈ ಸೌಲಭ್ಯಕ್ಕೆ ಬೀಗ ಹಾಕಿದರು. ಎಚ್‌ಎಕ್ಸ್ ಎಂಬ ಹೆಸರಿನ ದುಬಾರಿ ಚಿಪ್‌ಗಳ ಕೆಲವು ಯಂತ್ರಗಳಲ್ಲಿ ಮಾತ್ರ ಅದು ತೆರೆದಿದೆ. ಅಂಡರ್‌ವೋಲ್ಟ್‌ಗಾಗಿ ಬಯೋಸ್ ಅನ್ನು ಹಳೆಯ ಆವೃತ್ತಿಗೆ ಇಳಿಸಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಳೆಯ ಆವೃತ್ತಿಯೊಡನೆ ಹಳೆಯ ಸುರಕ್ಷತಾ ದೋಷಗಳೆಲ್ಲವೂ ಮರಳುತ್ತವೆ, ನಾಲ್ಕು ಡಿಗ್ರಿಗಾಗಿ ಅಷ್ಟು ಬೆಲೆ ತೆರಬೇಕಿಲ್ಲ. ಸೌಲಭ್ಯ ಇದ್ದವರು 10 ಮಿಲಿವೋಲ್ಟ್‌ನಂತೆ ಇಳಿಸುತ್ತಾ ಹೋಗಿ, ಯಂತ್ರ ತಡವರಿಸಿದೊಡನೆ ಎರಡು ಹೆಜ್ಜೆ ಹಿಂದೆ ಬರಬೇಕು.

ಧೂಳು

ಎರಡು ವರ್ಷ ದಾಟಿದ ಯಂತ್ರದಲ್ಲಿ, ಅದರಲ್ಲೂ ರಸ್ತೆ ಬದಿಯ ಮನೆಯಲ್ಲಿ ಇಲ್ಲವೇ ಒಗ್ಗರಣೆಯ ಜಿಡ್ಡು ಹರಡುವ ಕೋಣೆಯಲ್ಲಿ ಬಳಸಿದ ಯಂತ್ರದಲ್ಲಿ, ಧೂಳು ತೆಗೆಯುವಷ್ಟು ಫಲ ಕೊಡುವ ಬೇರೆ ಅಗ್ಗದ ಕೆಲಸವಿಲ್ಲ. ಹತ್ತಿಯ ಎಳೆ, ಕೂದಲು, ಜಿಡ್ಡು ಸೇರಿ ಫ್ಯಾನಿಗೂ ಹಲ್ಲುಗಳಿಗೂ ನಡುವೆ ಕಂಬಳಿಯಂಥ ಒಂದು ಪದರ ಕಟ್ಟಿಕೊಳ್ಳುತ್ತದೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಹೊರಗಿನ ಜಾಲರಿಯಿಂದ ಬ್ಲೋವರ್ ಹಿಡಿದು ಊದುವುದು. ಹಾಗೆ ಮಾಡಿದಾಗ ಪದರ ಹಲ್ಲಿನಿಂದ ಬಿಟ್ಟು ಒಳಗೇ ಬೀಳುತ್ತದೆ, ಎರಡು ದಿನದಲ್ಲಿ ಫ್ಯಾನು ಅದನ್ನು ಮತ್ತೆ ತಂದು ಅಲ್ಲೇ ಒತ್ತುತ್ತದೆ. ತಳದ ಮುಚ್ಚಳ ತೆಗೆದು, ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಅಲುಗದಂತೆ ಹಿಡಿದು, ಮೃದುವಾದ ಬ್ರಷ್‌ನಿಂದ ಪದರವನ್ನು ಹೊರತೆಗೆಯಬೇಕು. ಫ್ಯಾನನ್ನು ಗಾಳಿಯ ಒತ್ತಡದಲ್ಲಿ ಅತಿವೇಗವಾಗಿ ತಿರುಗಿಸಿದರೆ ಬೇರಿಂಗ್ ಕೆಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಸ್ಥಿರವಿದ್ಯುತ್ತಿನ ಭಯದಿಂದಾಗಿ ಬೇಡ.

ಮುಚ್ಚಳ ತೆಗೆದಾಗ ಬ್ಯಾಟರಿ ಉಬ್ಬಿರುವುದು ಕಂಡರೆ, ಇಲ್ಲವೇ ಅದಕ್ಕೂ ಮೊದಲೇ ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮಿಕ್ಕೆಲ್ಲ ಕೆಲಸ ಅಲ್ಲಿಗೇ ನಿಲ್ಲಿಸಬೇಕು. ಅದನ್ನು ಒತ್ತುವುದು, ಚುಚ್ಚುವುದು, ಮತ್ತೆ ಚಾರ್ಜ್ ಮಾಡುವುದು ಬೆಂಕಿಗೆ ಆಹ್ವಾನ.

ಪೇಸ್ಟ್, ಹಾಳೆ, ದ್ರವಲೋಹ

ಚಿಪ್‌ನ ಮೇಲ್ಮೈಯೂ ತಾಮ್ರದ ತಟ್ಟೆಯೂ ಕಣ್ಣಿಗೆ ನಯವಾಗಿ ಕಂಡರೂ ನಡುವೆ ಸೂಕ್ಷ್ಮವಾದ ಬಿರುಕುಗಳಿರುತ್ತವೆ. ಅಲ್ಲಿ ಗಾಳಿ ತುಂಬಿದರೆ ಶಾಖ ಹರಿಯುವುದಿಲ್ಲ; ತಾಮ್ರದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್ ಆದರೆ ಗಾಳಿಯದು 0.026 ಮಾತ್ರ. ಆ ಬಿರುಕು ತುಂಬುವುದೇ ಪೇಸ್ಟ್‌ನ ಕೆಲಸ.

ಆಯ್ಕೆ ಮೂರು. ಸಾಮಾನ್ಯ ಥರ್ಮಲ್ ಪೇಸ್ಟ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಹಚ್ಚುವುದು ಸುಲಭ, ತಪ್ಪಾದರೆ ಒರೆಸಿ ಮತ್ತೆ ಹಚ್ಚಬಹುದು. ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೊಂದು ದೌರ್ಬಲ್ಯವಿದೆ. ಇಲ್ಲಿ ಚಿಪ್‌ನ ಮೇಲೆ ಲೋಹದ ಟೋಪಿ ಇರುವುದಿಲ್ಲ, ತಟ್ಟೆ ಬರಿಯ ಸಿಲಿಕಾನ್ ಮೇಲೇ ಕೂರುತ್ತದೆ. ದಿನವೂ ಕಾದು ತಣಿದು ಹಿಗ್ಗುಕುಗ್ಗು ನಡೆಯುವಾಗ ತೆಳುವಾದ ಪೇಸ್ಟ್ ಮೆಲ್ಲಮೆಲ್ಲನೆ ಅಂಚಿಗೆ ಹೊರಳಿ ನಡುವೆ ಖಾಲಿಯಾಗುತ್ತದೆ. ಹೊಸದಾಗಿ ಹಚ್ಚಿಸಿದ ಪೇಸ್ಟ್ ಮೊದಲ ತಿಂಗಳುಗಳಲ್ಲಿ ಚೆನ್ನಾಗಿದ್ದು ಬಳಿಕ ಮತ್ತೆ ಹಳೆಯ ಕಥೆಯೇ ಆಯಿತೆಂದು ದೂರುವವರ ತೊಂದರೆ ಬಹುಮಟ್ಟಿಗೆ ಇದೇ. ಗಟ್ಟಿಯಾದ, ಹಚ್ಚಲು ಸ್ವಲ್ಪ ಕಷ್ಟವೇ ಆದ ಪೇಸ್ಟ್‌ಗಳು ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚು ದಿನ ನಿಲ್ಲುತ್ತವೆ.

ಎರಡನೆಯದು ಹನಿವೆಲ್‌ನ ಪಿಟಿಎಂ7950ರಂಥ ಸ್ಥಿತಿ ಬದಲಿಸುವ ಹಾಳೆ. ತಣ್ಣಗಿರುವಾಗ ಗಟ್ಟಿಯಾಗಿದ್ದು, 45 ಡಿಗ್ರಿಯ ಆಸುಪಾಸಿನಲ್ಲಿ ಮೆದುವಾಗಿ ಬಿರುಕುಗಳಿಗೆ ಇಳಿಯುವ ಈ ವಸ್ತು ಅಂಚಿಗೆ ಹರಿದುಹೋಗುವುದಿಲ್ಲ. ಅಳತೆಗೆ ಕತ್ತರಿಸಿ ಇಡುವುದಷ್ಟೇ ಕೆಲಸ. ಫ್ರಿಡ್ಜಿನಲ್ಲಿ ಸ್ವಲ್ಪ ಹೊತ್ತಿಟ್ಟರೆ ಮೇಲಿನ ಪೊರೆ ಹರಿಯದೆ ಬಿಡುತ್ತದೆ. ಕೆಲವು ಸಲ ಕಾದು ತಣಿದ ಮೇಲೆಯೇ ಅದು ಪೂರ್ತಿ ಹದಕ್ಕೆ ಬರುವುದರಿಂದ ಮೊದಲ ದಿನದ ಅಂಕಿ ನೋಡಿ ನಿರಾಶರಾಗಬಾರದು. ಇದರ ಹೆಸರಿನಲ್ಲಿ ನಕಲಿ ಹಾಳೆಗಳೂ ಬರುತ್ತವೆ, ಮಾರುವವರ ಬಗ್ಗೆ ಎಚ್ಚರ ಬೇಕು. ಒಮ್ಮೆ ಹಾಕಿ ವರ್ಷಗಟ್ಟಲೆ ಮರೆಯಬೇಕೆನ್ನುವವರಿಗೆ ನಾನು ಹಿಂಜರಿಕೆಯಿಲ್ಲದೆ ಸೂಚಿಸುವುದು ಇದನ್ನೇ.

ಮೂರನೆಯದಾದ ದ್ರವಲೋಹ ಶಾಖ ದಾಟಿಸುವುದರಲ್ಲಿ ಎಲ್ಲಕ್ಕಿಂತ ಮೇಲು, ಅಪಾಯದಲ್ಲೂ ಎಲ್ಲಕ್ಕಿಂತ ಮೇಲು. ಅದರ ಮುಖ್ಯ ಅಂಶ ಗ್ಯಾಲಿಯಂ. ಅದು ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ವಿದ್ಯುತ್ ಹರಿಸುತ್ತದೆ, ಒಂದು ಹನಿ ಬೋರ್ಡ್ ಮೇಲೆ ಜಾರಿದರೂ ಯಂತ್ರ ಸುಡಬಹುದು. ಆಸುಸ್ ತನ್ನ ಅನೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಿಗೆ ಕಾರ್ಖಾನೆಯಲ್ಲೇ ಇದನ್ನು ಹಚ್ಚುತ್ತದೆ, ಆದರೆ ಸುತ್ತಲೂ ತಡೆ ಕಟ್ಟಿ, ಯಂತ್ರಗಳಿಂದ ಹಚ್ಚುತ್ತದೆ. ಚೀಲದಲ್ಲಿ ಹೊತ್ತು ಬಸ್ಸು ಬೈಕುಗಳಲ್ಲಿ ಕುಲುಕಾಡುವ ಲ್ಯಾಪ್‌ಟಾಪಿಗೆ ಮನೆಯಲ್ಲಿ ದ್ರವಲೋಹ ಹಚ್ಚಬೇಡಿ.

ಕೂಲಿಂಗ್ ಪ್ಯಾಡ್ ಮತ್ತು ಸ್ಟ್ಯಾಂಡ್

ಜಾಹೀರಾತು ಇದಕ್ಕೇ ಹೆಚ್ಚು, ಫಲ ಇದರಲ್ಲೇ ಕಡಿಮೆ. ಅಗಲವಾದ ಫ್ಯಾನುಗಳು ಮೆಲ್ಲಗೆ ತಿರುಗುವ ಅಗ್ಗದ ಪ್ಯಾಡ್ ತಳದ ಪ್ಲಾಸ್ಟಿಕ್ಕಿಗೆ ಗಾಳಿ ಬೀಸುತ್ತದೆ. ಗಾಳಿ ಎಳೆಯುವ ಕಿಂಡಿ ತಳದಲ್ಲಿಲ್ಲದ ಯಂತ್ರಗಳಿಗೆ ಅದರಿಂದ ಏನೂ ಆಗುವುದಿಲ್ಲ. ಕಿಂಡಿ ತಳದಲ್ಲಿದ್ದರೂ ಬಹುಪಾಲು ಲಾಭ ಯಂತ್ರ ಮೇಜಿನಿಂದ ಮೇಲೆದ್ದದ್ದರಿಂದ ಬರುತ್ತದೆ. ಹಿಂಬದಿಯ ಅಂಚಿನ ಕೆಳಗೆ ಎರಡು ಬಾಟಲಿ ಮುಚ್ಚಳ ಇಟ್ಟರೂ ಗಾಳಿಗೆ ಅಷ್ಟೇ ದಾರಿಯಾಗುತ್ತದೆ. ಹಾಸಿಗೆ, ದಿಂಬು, ಚಾಪೆಯ ಮೇಲೆ ಕೆಲಸ ಮಾಡುವ ಅಭ್ಯಾಸವಿದ್ದವರು ಗಟ್ಟಿಯಾದ ಹಲಗೆಯೊಂದನ್ನು ಇಟ್ಟುಕೊಂಡರೆ ಪ್ಯಾಡಿನ ಹಣ ಉಳಿಯುತ್ತದೆ. ಅಂಚಿಗೆ ಸ್ಪಂಜಿನ ಪಟ್ಟಿ ಇದ್ದು, ಒತ್ತಡದಿಂದ ಗಾಳಿ ತಳ್ಳುವ ದುಬಾರಿ ಪ್ಯಾಡ್‌ಗಳ ಮಾತು ಬೇರೆ. ಅವು ಗೇಮಿಂಗ್ ಯಂತ್ರಗಳಲ್ಲಿ ನಿಜವಾಗಿಯೂ ಬಿಸಿ ಇಳಿಸುತ್ತವೆ, ಆದರೆ ಸದ್ದು ಬಹಳ. ಮಲಗುವ ಕೋಣೆಗೆ, ತರಗತಿಗೆ ಸಲ್ಲವು. ಫ್ಯಾನೇ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ, ಉದಾಹರಣೆಗೆ 2020ರ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ, ದೀರ್ಘವಾದ ಭಾರದ ಕೆಲಸದ ನಡುವೆ ವೇಗ ಸ್ವಲ್ಪ ತಗ್ಗುವುದು ವಿನ್ಯಾಸದಲ್ಲೇ ಇದೆ, ಅದನ್ನು ರೋಗವೆಂದು ಚಿಕಿತ್ಸೆ ಮಾಡಬೇಕಾಗಿಲ್ಲ.

ಯಾರ ಕೈಗೆ ಕೊಡುವುದು

ವಾರಂಟಿ ಇರುವಾಗ ಕಂಪನಿಯ ಸರ್ವಿಸ್ ಸೆಂಟರ್ ಬಿಟ್ಟು ಬೇರೆಡೆಗೆ ಹೋಗಬಾರದು. ಅಳತೆ ಮಾಡಿದ ಅಂಕಿಗಳ ಸ್ಕ್ರೀನ್‌ಶಾಟ್ ಜೊತೆಗಿದ್ದರೆ, ಲ್ಯಾಪ್‌ಟಾಪ್ ಬಿಸಿಯಾಗುವುದು ಸಹಜ ಎಂಬ ಉತ್ತರ ಪಡೆದು ಮರಳಬೇಕಾಗುವುದಿಲ್ಲ. ವಾರಂಟಿ ಮುಗಿದ ಮೇಲೆ ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆ ಇದೆ, ಬೇರೆ ಊರುಗಳಲ್ಲಿ ಪರಿಚಯದ ರಿಪೇರಿ ಅಂಗಡಿಗಳಿವೆ. ಕೊಡುವ ಮುನ್ನ ಎರಡು ಪ್ರಶ್ನೆ ಕೇಳಬೇಕು: ಯಾವ ಪೇಸ್ಟ್ ಹಚ್ಚುತ್ತೀರಿ, ಮೆಮೊರಿ ಮತ್ತು ವಿದ್ಯುತ್ ಭಾಗಗಳ ಮೇಲಿರುವ ಥರ್ಮಲ್ ಪ್ಯಾಡ್‌ಗಳನ್ನು (ಶಾಖ ದಾಟಿಸುವ ಮೆತ್ತನೆಯ ತುಂಡುಗಳನ್ನು) ಏನು ಮಾಡುತ್ತೀರಿ. ನಾನೊಮ್ಮೆ ಕೇಳದೆ ಕೊಟ್ಟು ಬಂದಿದ್ದೆ. ಹರಿದ ಪ್ಯಾಡ್‌ಗಳ ಜಾಗಕ್ಕೂ ಪೇಸ್ಟ್ ಮೆತ್ತಲಾಗಿತ್ತು. ಒಂದು ಮಿಲಿಮೀಟರ್ ಅಂತರವನ್ನು ಪೇಸ್ಟ್ ತುಂಬಲಾರದು. ಚಿಪ್‌ನ ಅಂಕಿ ಚೆನ್ನಾಗಿ ಕಂಡರೂ ವಿದ್ಯುತ್ ಭಾಗಗಳು ಕಾದು ಯಂತ್ರ ಮೊದಲಿಗಿಂತ ನಿಧಾನವಾಯಿತು. ಸರಿಯಾದ ದಪ್ಪದ ಪ್ಯಾಡ್ ಹುಡುಕಿ ಹಾಕಿಸುವವರೆಗೂ ಅದು ಸುಧಾರಿಸಲಿಲ್ಲ.

ತಾವೇ ಮಾಡುವವರು ಅದೇ ಮಾದರಿಯ ಯಂತ್ರ ಬಿಚ್ಚುವ ವಿಡಿಯೊವನ್ನು ಪೂರ್ತಿ ನೋಡಿ, ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೀಟ್‌ಸಿಂಕ್ ಮೇಲೆ ಅಚ್ಚಾಗಿರುವ 1, 2, 3, 4 ಕ್ರಮದಲ್ಲೇ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಒಂದೇ ಬದಿ ಮೊದಲು ಬಿಗಿದರೆ ಬರಿಯ ಸಿಲಿಕಾನ್‌ನ ಮೂಲೆ ಮುರಿಯುವ ಭಯವಿದೆ.

ಇಷ್ಟೆಲ್ಲ ಆದ ಮೇಲೂ ಬೇಸಿಗೆಯಲ್ಲಿ ಯಂತ್ರ ಮೂಲ ವೇಗ ಉಳಿಸಿಕೊಳ್ಳದಿದ್ದರೆ, ಶಾಖ ಹೊರಹಾಕುವ ಭಾಗಗಳನ್ನೇ ಚಿಕ್ಕದಾಗಿ ಮಾಡಿದ್ದಾರೆ ಎಂದರ್ಥ; ಅಲ್ಲಿಗೆ ಹೊಸ ಯಂತ್ರದ ಯೋಚನೆ ಸರಿ. ಆಗ ಚಿಪ್‌ನ ಹೆಸರಿಗೆ ಮಾರುಹೋಗದೆ, ಅದಕ್ಕೆ ತಯಾರಕರು ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಎಂದು ವಿಚಾರಿಸಬೇಕು. ಎನ್ವಿಡಿಯಾದ ಗ್ರಾಫಿಕ್ಸ್ ಚಿಪ್ ಆದ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನಡಿ ಲ್ಯಾಪ್‌ಟಾಪ್‌ಗಳಲ್ಲಿ 35ರಿಂದ 115 ವ್ಯಾಟ್‌ವರೆಗೆ ಅವಕಾಶವಿದೆ; ತೆಳುವಾದ ಯಂತ್ರದ 4060ಕ್ಕೂ ದಪ್ಪ ಯಂತ್ರದ 4060ಕ್ಕೂ ಅಜಗಜಾಂತರ. ಕೊಂಡ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ, ಎಸಿ ಇಲ್ಲದ ಕೋಣೆಯಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ 20 ನಿಮಿಷ ಭಾರದ ಕೆಲಸ ಕೊಟ್ಟು, ಕೊನೆಯ ಐದು ನಿಮಿಷದ ವೇಗವನ್ನು ಬರೆದಿಟ್ಟುಕೊಳ್ಳಿ.